ಗಡ್ಡೆ ಹೊರಬಂದ ಮೇಲೆ

ಸಿಸೇರಿಯನ್ ಶಸ್ತ್ರಕ್ರಿಯೆಯಲ್ಲಿ ಶಿಶುವನ್ನು ಹೊರತೆಗೆದ ವೈದ್ಯರ ಕೈಗೆ ಗರ್ಭಕೋಶದ ಗೋಡೆಯಲ್ಲಿ ಗಡ್ಡೆಯೊಂದು ತಗುಲುವುದು ಅಪೂರ್ವ ಸಂಗತಿಯೇನಲ್ಲ. ಬಹುಮಟ್ಟಿಗೆ ಅದು ಫೈಬ್ರಾಯ್ಡ್ ಎಂಬ ನಿರಪಾಯಕರವಾದ ಸ್ನಾಯುಗಡ್ಡೆಯೇ ಆಗಿರುತ್ತದೆ. ಗರ್ಭಾವಸ್ಥೆಯಲ್ಲಿ ಅದು ಹಿಗ್ಗುವುದೂ, ರಕ್ತ ಸಾಲದೆ ಒಳಗೊಳಗೇ ನಶಿಸಿ ನೋವು ಕೊಡುವುದೂ ಉಂಟಾದುದರಿಂದ, ಬೆಳವಣಿಗೆಯೊಂದನ್ನೇ ಕಂಡು ಅದನ್ನು ಶಂಕಿಸಲು ಯಾರಿಗೂ ತೋಚದು. ಆದರೆ ಅತಿ ವಿರಳವಾಗಿ, ಅದೇ ಆಕಾರದ ಗಡ್ಡೆ ಸಾರ್ಕೋಮಾ ಎಂಬ ಅರ್ಬುದವಾಗಿರುವುದುಂಟು.

ಇವೆರಡರ ಭೇದವನ್ನು ಕಣ್ಣಾಗಲಿ ಸ್ಕ್ಯಾನಿಂಗ್ ಆಗಲಿ ನಿಶ್ಚಯವಾಗಿ ಹೇಳಲಾರದು. ರೋಗಶಾಸ್ತ್ರಜ್ಞರು ಸೂಕ್ಷ್ಮದರ್ಶಕದಡಿಯಲ್ಲಿ ಜೀವಕೋಶಗಳ ವಿಕೃತಿಯನ್ನೂ, ಅವು ಒಡೆದು ಇಮ್ಮಡಿಸುವ ವೇಗವನ್ನೂ, ಅಂಗಾಂಶ ಸತ್ತಿರುವ ಬಗೆಯನ್ನೂ ಪರಿಶೀಲಿಸಿ ನಿರ್ಣಯಿಸತಕ್ಕದ್ದು. ಫೈಬ್ರಾಯ್ಡ್ ಎಂದೇ ಭಾವಿಸಿ ಶಸ್ತ್ರಕ್ರಿಯೆಗೊಳಗಾಗುವ ಸುಮಾರು 350 ಸ್ತ್ರೀಯರಲ್ಲಿ ಒಬ್ಬಳಿಗೆ ಸಾರ್ಕೋಮಾ ಅಡಗಿರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ಅಂದಾಜಿಸಿತು. ಹೆರುವ ವಯಸ್ಸಿನವರಲ್ಲಿ ಆ ಸಂಭವ ಇನ್ನೂ ಕಡಿಮೆ.

ಮಾಸಿನ ಜೀವಕೋಶಗಳಿಂದಲೇ ಹುಟ್ಟುವ ಕೋರಿಯೋಕಾರ್ಸಿನೋಮಾ ಎಂಬ ಇನ್ನೊಂದು ವ್ಯಾಧಿ ಪೂರ್ಣಾವಧಿಯ ಹೆರಿಗೆಗಳಲ್ಲಿ ಸುಮಾರು 50,000ಕ್ಕೆ ಒಂದರಂತೆ ತಲೆದೋರುತ್ತದೆ. ಬಾಣಂತಿಯ ಸ್ರಾವ ವಾರಗಳು ಕಳೆದರೂ ನಿಲ್ಲದಿದ್ದರೆ, ಅಥವಾ ಕೆಮ್ಮಿನಲ್ಲಿ ರಕ್ತ ಕಂಡರೆ, ಎಚ್‌ಸಿಜಿ ಎಂಬ ಹಾರ್ಮೋನಿನ ರಕ್ತಪರೀಕ್ಷೆ ಅವಶ್ಯ. ಹೆರಿಗೆಯಾದ ಕೆಲವೇ ವಾರಗಳಲ್ಲಿ ಮಾಯವಾಗಬೇಕಾದ ಅದು ಏರುತ್ತಲೇ ಇದ್ದರೆ ಸಂಶಯಕ್ಕೆ ಕಾರಣವುಂಟು. ಭಯಂಕರವೆನಿಸಿದ ಈ ವ್ಯಾಧಿಯೇ ಚಿಕಿತ್ಸೆಗೆ ಅತ್ಯಂತ ಸುಲಭವಾಗಿ ಮಣಿಯುವ ಅರ್ಬುದಗಳಲ್ಲೊಂದು: ಆಂಧ್ರದ ಯಲ್ಲಾಪ್ರಗಡ ಸುಬ್ಬರಾಯರು ಅಮೆರಿಕದಲ್ಲಿ ನಡೆಸಿದ ಸಂಶೋಧನೆಯ ಫಲವಾದ ಮೆಥೊಟ್ರೆಕ್ಸೇಟ್ ಇದನ್ನು ಅಡಗಿಸಬಲ್ಲುದೆಂದು ಮಿನ್ ಚಿಯು ಲೀ ಮತ್ತು ರಾಯ್ ಹರ್ಟ್ಸ್ 1956ರಲ್ಲಿ ಪ್ರಕಟಿಸಿದರು.

ಅಬುಧಾಬಿಯ ಖಲೀಫಾ ಸಿಟಿಯಲ್ಲಿ ನೆಲಸಿರುವ ನಮ್ಮವರಿಗೆ ಇದರಲ್ಲಿ ವಿಶೇಷವಾದೊಂದು ಎಚ್ಚರಿಕೆಯುಂಟು. ಉಡುಪಿ ಸೀಮೆಯ ಬಿ. ಆರ್. ಶೆಟ್ಟರು 1975ರಲ್ಲಿ ಆರಂಭಿಸಿದ ಎನ್‌ಎಂಸಿ ಸಂಸ್ಥೆಯ ರಾಯಲ್ ಆಸ್ಪತ್ರೆ ಆ ಬಡಾವಣೆಯಲ್ಲೇ ಇರುವುದರಿಂದ ಹೆರಿಗೆಗೆ ದೂರ ಹೋಗಬೇಕಾದುದಿಲ್ಲ. ಆದರೆ ಅಲ್ಲಿ ಹೆತ್ತು ಬಾಣಂತನಕ್ಕೆ ತವರಿಗೆ ಬಂದ ಮಗಳ ಬಯಾಪ್ಸಿ ವರದಿ ಕೊಲ್ಲಿಯಲ್ಲೇ ಉಳಿದುಬಿಟ್ಟರೆ, ಊರಿನ ವೈದ್ಯರಿಗೆ ಕಾಣುವುದು ಹೊಟ್ಟೆಯ ಹೊಲಿಗೆ ಮಾತ್ರ. ಸಾರ್ಕೋಮಾ ಎಂದು ತಿಳಿದಲ್ಲಿ ರೋಗ ಶ್ವಾಸಕೋಶಕ್ಕೆ ಹರಡಿದೆಯೇ ಎಂದು ನೋಡುವುದೂ, ಗರ್ಭಕೋಶವನ್ನು ಇಡಿಯಾಗಿ ತೆಗೆಯುವ ವಿಚಾರ ಮಾಡುವುದೂ ತಡಮಾಡುವ ಕೆಲಸಗಳಲ್ಲ. ಆದುದರಿಂದ ಆಸ್ಪತ್ರೆಯಿಂದ ಹೊರಡುವ ಮುನ್ನ, ಏನನ್ನಾದರೂ ತೆಗೆದರೇ, ಪರೀಕ್ಷೆಗೆ ಕಳುಹಿಸಿದರೇ, ವರದಿ ಎಂದು ಬರುತ್ತದೆ ಎಂದು ಮನೆಯವರು ಕೇಳತಕ್ಕದ್ದು. ಮಣಿಪಾಲದಲ್ಲೋ ಬೆಂಗಳೂರಿನ ಕಿದ್ವಾಯಿ ಅರ್ಬುದ ಆಸ್ಪತ್ರೆಯಲ್ಲೋ ಎರಡನೆಯ ಅಭಿಪ್ರಾಯ ಬೇಕಾದಲ್ಲಿ ಕಾಗದದ ವರದಿಯೊಡನೆ ಅಂಗಾಂಶದ ಸ್ಲೈಡುಗಳನ್ನೂ ಅದನ್ನು ಹುದುಗಿಸಿದ ಮೇಣದ ಬ್ಲಾಕುಗಳನ್ನೂ ತರಿಸಿಕೊಳ್ಳತಕ್ಕದ್ದು. ಬಾಣಂತಿಗೆ ಇದೆಲ್ಲ ಇದ್ದದ್ದೇ ಎಂಬ ಹಿರಿಯರ ಸಾಂತ್ವನ ಬಹುಪಾಲು ಸತ್ಯವೇ ಸರಿ. ಆದರೂ ಪರೀಕ್ಷೆಯಾದ ಮೇಲೆ ಆಡಿದರೆ ಆ ಮಾತಿಗೆ ಬೆಲೆ ಹೆಚ್ಚು.