ಯಂತ್ರಕ್ಕೆ ಅಕ್ಷರವೆಂದರೆ ಸಂಖ್ಯೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಿಂದ ಸ್ನಾತಕೋತ್ತರ ವ್ಯಾಸಂಗಕ್ಕೆ ತೆರಳುವ ವಿದ್ಯಾರ್ಥಿಗಳು ಇಂದು ತಮ್ಮ ಪ್ರಬಂಧಗಳನ್ನು ಗಣಕಯಂತ್ರದಲ್ಲಿ ಬರೆದು ಅಂತರಜಾಲದಲ್ಲಿ ಪ್ರಕಟಿಸಬಲ್ಲರು. ಆದರೆ ಯಂತ್ರವು ಅಕ್ಷರವನ್ನರಿಯದು. ಅದು ಬಲ್ಲುದು ಸಂಖ್ಯೆಯನ್ನು ಮಾತ್ರ. ಹಾಗಾದರೆ ‘ಶಿರಾ’ ಎಂಬ ಹೆಸರು ಅದರೊಳಗೆ ನೆಲೆಸುವುದೆಂತು?

1991ರಲ್ಲಿ ಹೊರಬಂದ ಯೂನಿಕೋಡ್ ಎಂಬ ಸಂಕೇತಪದ್ಧತಿಯಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳು ಮೀಸಲಾಗಿವೆ. ‘ಶ’ಕಾರಕ್ಕೆ 3254, ಗುಡಿಸಿಗೆ 3263, ‘ರ’ಕಾರಕ್ಕೆ 3248, ಇಳಿಗೆ 3262. ಈ ನಾಲ್ಕು ಸಂಖ್ಯೆಗಳ ಸಾಲೇ ‘ಶಿರಾ’. ‘ಮಧುಗಿರಿ’ಗೆ ಇಂತಹ ಏಳು ಸಂಖ್ಯೆಗಳು ಬೇಕು. ಎಣಿಸಿ ನೋಡಿರಿ: ಮೂಲಾಕ್ಷರಗಳು ನಾಲ್ಕು, ಕೊಂಬು ಒಂದು, ಗುಡಿಸು ಎರಡು.

ಹಿಂದೆ ಬಳಕೆಯಲ್ಲಿದ್ದ ಅನೇಕ ಫಾಂಟುಗಳ ಕ್ರಮವೇ ಬೇರೆ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು. ಕಣ್ಣಿಗೆ ಕಾಣುವುದು ಕನ್ನಡ. ಒಳಗಿರುವುದು ಇಂಗ್ಲಿಷಿನ ಸಂಖ್ಯೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ಅದೇ ಪುಟವನ್ನು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣಿಸುತ್ತವೆ.

ಇದಕ್ಕಿಂತ ದೊಡ್ಡ ನಷ್ಟವೊಂದುಂಟು. ಅಂತರಜಾಲದ ಶೋಧಯಂತ್ರವು ಆಕಾರಗಳನ್ನಲ್ಲ, ಸಂಖ್ಯೆಗಳನ್ನು ಹೋಲಿಸುತ್ತದೆ. ಮಧುಗಿರಿಯ ಕೋಟೆಯನ್ನು ಕುರಿತು ವರ್ಷಗಟ್ಟಲೆ ಶ್ರಮಿಸಿ ಬರೆದ ಪ್ರಬಂಧವು ಹಳೆಯ ಕ್ರಮದಲ್ಲಿದ್ದರೆ, ‘ಮಧುಗಿರಿ’ ಎಂದು ಹುಡುಕುವವನಿಗೆ ಅದು ದೊರೆಯಲಾರದು. ಪ್ರಕಟವಾಗಿಯೂ ಅದು ಅಜ್ಞಾತವಾಗಿಯೇ ಉಳಿಯುವುದು.

ಹಳೆಯ ಬರಹಗಳನ್ನು ಯೂನಿಕೋಡಿಗೆ ಮಾರ್ಪಡಿಸುವ ತಂತ್ರಾಂಶಗಳು ಈಗ ಲಭ್ಯವಿವೆ. ಆದರೂ ಮಾರ್ಪಾಟಿನಲ್ಲಿ ಒತ್ತಕ್ಷರಗಳು ಕೆಡುವ ಸಂಭವವಿರುವುದರಿಂದ ಮತ್ತೊಮ್ಮೆ ಓದಿ ತಿದ್ದುವುದು ಅವಶ್ಯಕ. ಮೊದಲಿನಿಂದಲೇ ಯೂನಿಕೋಡಿನಲ್ಲಿ ಬರೆಯುವುದು ಉತ್ತಮ ಮಾರ್ಗ. ಪ್ರಕಟಿಸುವ ಮುನ್ನ ನಮ್ಮ ಬರಹದ ಒಂದು ಪದವನ್ನು ಬೇರೊಂದು ಯಂತ್ರದಲ್ಲಿ ಹುಡುಕಿ ನೋಡೋಣ. ಅದು ದೊರೆತರೆ ಬರಹವು ಓದುಗನಿಗೂ ದೊರೆಯುವುದು.