ಮಂಗನ ಕಾಯಿಲೆಯ ಬಲೆಯೂ ಅದರ ಗಂಟುಗಳೂ

ಹಟ್ಟಿಗೆ ತರಗೆಲೆಯನ್ನೂ ಅಡಿಕೆ ತೋಟಕ್ಕೆ ಸೊಪ್ಪನ್ನೂ ಕಾಡಿನಿಂದ ತರಿಸುವ ದಿನಗಳು ಸಮೀಪಿಸುತ್ತಿರುವುದರಿಂದ, ಘಟ್ಟದ ಬುಡದ ಗ್ರಾಮಗಳ ಯಜಮಾನರಿಗೂ ಜಮೀನುದಾರರಿಗೂ ಮಂಗನ ಕಾಯಿಲೆಯ ವಿಷಯವಾಗಿ ಕೆಲವು ಸಂಗತಿಗಳನ್ನು ತಿಳಿಸುವುದು ಅವಶ್ಯವೆಂದು ತೋರುತ್ತದೆ. ಇದು ವೈದ್ಯರ ಕೆಲಸ, ಕೃಷಿ ಇಲಾಖೆಯವರಿಗೆ ಇದರಲ್ಲೇನು ಎಂದು ಕೆಲವರು ಕೇಳಿಯಾರು. ಈ ರೋಗವನ್ನು ಹರಡುವ ಎಳೆಗಳಲ್ಲಿ ಎರಡು ಮೂರು ನಮ್ಮ ಬೇಸಾಯದ ಕೆಲಸದಲ್ಲಿಯೇ ಹೆಣೆದುಕೊಂಡಿರುವುದರಿಂದ ನಾವು ಸುಮ್ಮನಿರುವಂತಿಲ್ಲ.

ಎಳೆಯೆಂಬ ಮಾತನ್ನು ಅಲಂಕಾರಕ್ಕಾಗಿ ಬಳಸಿದ್ದಲ್ಲ. ಒಂದು ವಸ್ತುವನ್ನು ಬಿಡಿಯಾಗಿ ಪರೀಕ್ಷಿಸುವುದಕ್ಕೆ ಬದಲಾಗಿ, ಅದಕ್ಕೆ ಯಾವ ಯಾವುದರೊಡನೆ ಎಷ್ಟೆಷ್ಟು ಸಂಬಂಧವಿದೆ ಎಂಬುದನ್ನು ಲೆಕ್ಕಹಾಕುವ ಒಂದು ಶಾಸ್ತ್ರವುಂಟು, ಅದನ್ನು ಜಾಲಶಾಸ್ತ್ರವೆನ್ನಬಹುದು. ಆಯ್ಲರ್ ಎಂಬ ಗಣಿತಜ್ಞನು 1736ರಲ್ಲಿ ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳ ಲೆಕ್ಕವನ್ನು ಬಿಡಿಸಿದಂದಿನಿಂದ ಇದರ ಬೀಜವಿದ್ದರೂ, ಜೀವಶಾಸ್ತ್ರಕ್ಕೂ ವೈದ್ಯಕ್ಕೂ ಇದು ಧಾರಾಳವಾಗಿ ಉಪಯೋಗಕ್ಕೆ ಬಂದದ್ದು ಕಳೆದ ಇಪ್ಪತ್ತೈದು ವರ್ಷಗಳಲ್ಲಿ. ಈ ಶಾಸ್ತ್ರದಲ್ಲಿ ವಸ್ತುಗಳಿಗೆ ಗಂಟುಗಳೆಂದೂ ಅವುಗಳ ನಡುವಣ ಸಂಬಂಧಗಳಿಗೆ ಎಳೆಗಳೆಂದೂ ಹೆಸರು ಕೊಟ್ಟರೆ ಬೆಸ್ತರ ಬಲೆಯಂತೆಯೇ ಚಿತ್ರ ಸಿಕ್ಕುತ್ತದೆ. ಆದರೆ ಒಂದು ಭೇದವಿದೆ. ಬೆಸ್ತರ ಬಲೆಯಲ್ಲಿ ಎಲ್ಲ ಗಂಟುಗಳೂ ಸಮಾನ. ಸೃಷ್ಟಿಯ ಬಲೆಗಳಲ್ಲಿ ಹಾಗಿಲ್ಲ. ಮಂಗಳೂರಿನ ಬಿಜೈಯಲ್ಲಿರುವ ರಸ್ತೆ ಸಾರಿಗೆ ನಿಗಮದ ಬಸ್ಸು ನಿಲ್ದಾಣವನ್ನು ವಾಚಕರು ಬಲ್ಲರು. ಪುತ್ತೂರು, ಧರ್ಮಸ್ಥಳ, ಸುಬ್ರಹ್ಮಣ್ಯ, ಕಾಸರಗೋಡು, ಮೈಸೂರು, ಬೆಂಗಳೂರುಗಳ ದಾರಿಗಳೆಲ್ಲ ಅಲ್ಲಿ ಕೂಡುತ್ತವೆ. ದಾರಿಬದಿಯ ಒಂದು ಸಣ್ಣ ತಂಗುದಾಣವನ್ನು ಒಂದು ದಿನ ಮುಚ್ಚಿದರೆ ಆ ಊರಿನವರು ಮಾತ್ರ ಗೊಣಗುತ್ತಾರೆ; ಬಿಜೈಯ ನಿಲ್ದಾಣವನ್ನು ಮುಚ್ಚಿದರೆ ಜಿಲ್ಲೆಯೇ ತಬ್ಬಿಬ್ಬಾಗುತ್ತದೆ.

ಜೀವಿಗಳ ಒಡಲೊಳಗೂ ಇದೇ ಪ್ರಕಾರವೆಂದು ಕಂಡುಬಂದಿದೆ. ಕಳ್ಳನ್ನು ಹುಳಿಸುವ, ಕ್ರೈಸ್ತ ಮನೆಗಳಲ್ಲಿ ಸನ್ನದ ಹಿಟ್ಟನ್ನು ಉಬ್ಬಿಸುವ ಯೀಸ್ಟ್ ಎಂಬ ಸೂಕ್ಷ್ಮಜೀವಿಯಲ್ಲಿ 1,870 ಪ್ರೋಟೀನುಗಳ ನಡುವಣ 2,240 ಸಂಬಂಧಗಳ ನಕ್ಷೆಯನ್ನು 2001ರಲ್ಲಿ ಪರಿಶೀಲಿಸಲಾಯಿತು. ಐದಕ್ಕೆ ಮೀರದಷ್ಟು ಎಳೆಗಳುಳ್ಳ ಪ್ರೋಟೀನುಗಳಲ್ಲಿ ನೂರಕ್ಕೆ ಸುಮಾರು 21 ಮಾತ್ರ, ತೆಗೆದುಹಾಕಿದರೆ ಜೀವಿಯು ಸಾಯುವಂಥವು. ಹದಿನೈದಕ್ಕಿಂತ ಹೆಚ್ಚು ಎಳೆಗಳುಳ್ಳವುಗಳಲ್ಲಿ ನೂರಕ್ಕೆ ಸುಮಾರು 62 ಅಂಥವು. ಮನುಷ್ಯನ ರೋಗಗಳಿಗೆ ಔಷಧವನ್ನು ಹುಡುಕುವವರು ಈಗ ಇಂಥ ನಕ್ಷೆಗಳನ್ನು ಮುಂದಿಟ್ಟುಕೊಂಡಿರುತ್ತಾರೆ. ಅದು ಪ್ರಯೋಗಶಾಲೆಯ ಮಾತು. ನಮ್ಮ ಕಣ್ಣಿಗೆ ಕಾಣುವ ಬಲೆಯು ಕಾಡಿನಲ್ಲಿದೆ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತುಬಿದ್ದವು. ಸುತ್ತಣ ಹಳ್ಳಿಗಳಲ್ಲಿ ಜನರಿಗೆ ಕಠಿನವಾದ ಜ್ವರ ಬಂದಿತು. ಆಫ್ರಿಕ ಖಂಡದ ಹಳದಿ ಜ್ವರವೇ ಹಿಂದೂದೇಶಕ್ಕೆ ಬಂದಿತೋ ಎಂದು ಮೊದಲು ಭಯಪಟ್ಟರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಪರೀಕ್ಷಿಸಿ, ಇದು ಸೊಳ್ಳೆಯಿಂದ ಹರಡುವುದಲ್ಲ, ಉಣ್ಣಿಯಿಂದ ಹರಡುವ ಹೊಸ ರೋಗವೆಂದು ಸ್ಥಿರಪಡಿಸಿದರು. ಜ್ವರ, ತಲೆಶೂಲೆ, ಮೈಕೈ ನೋವು, ಕೆಲವರಲ್ಲಿ ರಕ್ತಸ್ರಾವ ಇದರ ಲಕ್ಷಣಗಳು. ರೋಗ ತಗಲಿದ ನೂರು ಮಂದಿಯಲ್ಲಿ ಮೂರರಿಂದ ಐದು ಮಂದಿ ತೀರಿಕೊಳ್ಳುತ್ತಾರೆ.

ಈ ಬಲೆಯ ಗಂಟುಗಳನ್ನು ಒಂದೊಂದಾಗಿ ನೋಡಬೇಕು. ಮುಖ್ಯವಾದ ಉಣ್ಣಿಗೆ ಹೀಮಾಫೈಸಾಲಿಸ್ ಸ್ಪೈನಿಜೆರಾ ಎಂದು ಹೆಸರು. ಇದು ತನ್ನ ಜೀವಮಾನದಲ್ಲಿ ಮೂರು ಸಲ, ಮೂರು ಬೇರೆ ಬೇರೆ ಪ್ರಾಣಿಗಳ ಮೇಲೇರಿ ರಕ್ತವನ್ನು ಹೀರುತ್ತದೆ. ಮರಿಯಾಗಿದ್ದಾಗ ಇಲಿ, ಸುಂಡಿಲಿ, ನೆಲದ ಹಕ್ಕಿಗಳ ಮೇಲೆ. ಎಳೆಯ ಪ್ರಾಯದಲ್ಲಿ ಮಂಗ, ಮುಸುವ, ಮತ್ತು ದಾರಿತಪ್ಪಿದಂತೆ ಮನುಷ್ಯನ ಮೇಲೆ. ಬಲಿತ ಮೇಲೆ ದನಕರು ಮೊದಲಾದ ದೊಡ್ಡ ಪ್ರಾಣಿಗಳ ಮೇಲೆ. ಎಳೆಯ ಉಣ್ಣಿಗಳು ಹೆಚ್ಚಾಗಿರುವುದು ಡಿಸೆಂಬರಿನಿಂದ ಮೇ ತಿಂಗಳವರೆಗೆ. ನಮ್ಮವರು ತರಗೆಲೆಗೂ ಸೌದೆಗೂ ಕಾಡಿಗೆ ಹೋಗುವುದೂ ಅದೇ ತಿಂಗಳುಗಳಲ್ಲಿ.

ಈಗ ಎಳೆಗಳನ್ನು ಎಣಿಸೋಣ. ಮನುಷ್ಯನಿಗೆ ಒಳಬರುವ ಎಳೆಯುಂಟು, ಹೊರಹೋಗುವ ಎಳೆಯಿಲ್ಲ. ಒಬ್ಬರಿಂದ ಇನ್ನೊಬ್ಬರಿಗೆ ಈ ರೋಗವು ಅಂಟುವುದಿಲ್ಲ. ಆದುದರಿಂದ ರೋಗಿಯ ಮನೆಯವರನ್ನು ಊರಿನವರು ದೂರವಿಡುವುದು ಅಜ್ಞಾನ. ರೋಗಿಯನ್ನು ಎಷ್ಟು ಚೆನ್ನಾಗಿ ಉಪಚರಿಸಿದರೂ ಕಾಡಿನ ಬಲೆಯಲ್ಲಿ ಒಂದು ಎಳೆಯೂ ಹರಿಯುವುದಿಲ್ಲವೆಂಬುದೂ ಅಷ್ಟೇ ನಿಜ. ಮಂಗನ ಗಂಟು ಬೇರೆ ತರದ್ದು. ಅದರ ರಕ್ತದಲ್ಲಿ ರೋಗಾಣುಗಳು ವಿಪರೀತವಾಗಿ ಹೆಚ್ಚುವುದರಿಂದ ಅದರ ಮೈಮೇಲಿನ ಉಣ್ಣಿಗಳೆಲ್ಲ ವಿಷಪೂರಿತವಾಗುತ್ತವೆ. ಅದು ಸತ್ತಾಗ ಅವೆಲ್ಲ ಆ ಸ್ಥಳದಲ್ಲಿಯೇ ಉದುರುತ್ತವೆ. ಸತ್ತ ಮಂಗನ ಸುತ್ತಣ ನೆಲವು ಹೀಗೆ ಬಲೆಯಲ್ಲಿ ಬಿಜೈಯ ನಿಲ್ದಾಣದಂತಾಗುತ್ತದೆ.

ಎಲ್ಲಕ್ಕಿಂತ ವಿಚಿತ್ರವಾದದ್ದು ದನದ ಗಂಟು. ದನಕ್ಕೆ ಈ ಕಾಯಿಲೆಯಿಲ್ಲ. ರೋಗಾಣುವನ್ನು ಅದು ಉಣ್ಣಿಗೆ ಕೊಡುವುದೂ ಇಲ್ಲವೆನ್ನಬಹುದು. ರೋಗಿಗಳನ್ನು ಮಾತ್ರ ಪರೀಕ್ಷಿಸುವವನು ದನವನ್ನು ನಿರಪರಾಧಿಯೆಂದು ಬಿಟ್ಟುಬಿಡುತ್ತಾನೆ. ಆದರೆ ಕಾಡಿನಲ್ಲಿ ಮೇಯುವ ದನದ ರಕ್ತವನ್ನು ಹೀರಿದ ಒಂದೊಂದು ಹೆಣ್ಣು ಉಣ್ಣಿಯೂ ನೆಲಕ್ಕಿಳಿದು ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಊರು ಬೆಳೆದು ಕಾಡಿನ ಅಂಚಿನಲ್ಲಿ ದನಗಳು ಹೆಚ್ಚಿದಂತೆ ಉಣ್ಣಿಗಳು ಹೆಚ್ಚಿದುದನ್ನು ಬೊಷೆಲ್ ಎಂಬ ಶಾಸ್ತ್ರಜ್ಞರು 1969ರಲ್ಲಿಯೇ ವಿವರಿಸಿದ್ದರು. ತಾನು ವಿಷವನ್ನು ಹೊರದೆ, ವಿಷವನ್ನು ಹೊರುವ ಎಳೆಗಳನ್ನೆಲ್ಲ ಗಟ್ಟಿಮಾಡುವ ಇಂಥ ಗಂಟನ್ನು ಬಲೆಯ ಚಿತ್ರವಿಲ್ಲದೆ ಗುರುತಿಸುವುದು ಕಷ್ಟ.

ಕಾಡನ್ನು ಕಡಿದರೆ ರೋಗವೂ ಹೋಗುತ್ತದೆಂದು ಎಣಿಸುವವರಿದ್ದಾರೆ. ನಮ್ಮ ಜಿಲ್ಲೆಯ ಅನುಭವವು ಇದಕ್ಕೆ ವಿರುದ್ಧ. 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಟಕ್ಕಾಗಿ ದಟ್ಟವಾದ ಕಾಡನ್ನು ಕಡಿದ ಮೇಲೆ ಅಲ್ಲಿ ಈ ಕಾಯಿಲೆಯು ಸಾವಿರಕ್ಕೆ ಮಿಕ್ಕಿ ಜನರಿಗೆ ತಗಲಿತು. ಕಾಡು ಅಖಂಡವಾಗಿದ್ದಾಗ ಮಂಗ, ಉಣ್ಣಿ, ಇಲಿಗಳ ಎಳೆಗಳು ಒಳಗೊಳಗೇ ಸುತ್ತಿಕೊಂಡಿರುತ್ತವೆ. ತುಂಡುತುಂಡಾಗಿ ಕಡಿದಾಗ ಅಂಚುಗಳು ಹೆಚ್ಚಿ, ಆ ಅಂಚುಗಳಲ್ಲಿ ಕೂಲಿಯಾಳೂ ದನವೂ ಸೇರಿ ಹೊಸ ಎಳೆಗಳು ಹುಟ್ಟುತ್ತವೆ. ಮುಂದೆ ಈ ರೋಗವು 2012ರಲ್ಲಿ ಬಂಡೀಪುರದ ಸೀಮೆಯಲ್ಲಿ, 2013ರಲ್ಲಿ ವಯನಾಡಿನಲ್ಲಿ, 2015ರಲ್ಲಿ ಗೋವೆಯಲ್ಲಿ ಕಾಣಿಸಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಅನೇಕರನ್ನು ಬಲಿ ತೆಗೆದುಕೊಂಡಿತು. 1990ರಿಂದ ಕೊಡುತ್ತಿದ್ದ ಲಸಿಕೆಯನ್ನು, ಅದರ ಶಕ್ತಿ ಸಾಲದೆಂದು ಕಂಡುಬಂದುದರಿಂದ, 2022ರಲ್ಲಿ ನಿಲ್ಲಿಸಲಾಯಿತು. ಆದಕಾರಣ ಎಳೆಗಳನ್ನು ಕಡಿಯುವ ಕೆಲಸಕ್ಕೆ ಮೊದಲಿಗಿಂತ ಹೆಚ್ಚಿನ ಮಹತ್ವ ಬಂದಿದೆ.

ಮೊದಲನೆಯದು, ಸತ್ತ ಮಂಗನ ಸುದ್ದಿ. ಮಂಗ ಸತ್ತದ್ದನ್ನು ಕಂಡವರು ಅದನ್ನು ಮುಟ್ಟದೆ, ಸುಡುವ ಹೂಳುವ ಗೋಜಿಗೂ ಹೋಗದೆ, ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕಾಗಲಿ ಪಶುವೈದ್ಯರಿಗಾಗಲಿ ಅರಣ್ಯ ರಕ್ಷಕನಿಗಾಗಲಿ ತಿಳಿಸತಕ್ಕದ್ದು. ಇಲಾಖೆಯವರು ಆ ಸ್ಥಳದ ಸುತ್ತ ಸುಮಾರು 50 ಮೀಟರು ದೂರದವರೆಗೆ ಮೆಲಾಥಿಯಾನ್ ಪುಡಿಯನ್ನು ಉದುರಿಸುತ್ತಾರೆ. ಇಡೀ ಕಾಡಿಗೆ ಪುಡಿ ಹಾಕುವುದು ಯಾರಿಂದಲೂ ಆಗದು; ಗಂಟು ಎಲ್ಲಿದೆಯೆಂದು ತಿಳಿದರೆ ಅಷ್ಟಕ್ಕೆ ಹಾಕಿದರೆ ಸಾಕು. ಒಂದು ವಾರ ತಡಮಾಡಿದರೆ ಆ ವಾರದಲ್ಲಿ ಆ ದಾರಿಯಾಗಿ ಹೋದ ಸೌದೆಯವರೆಲ್ಲರ ಕಾಲಿಗೆ ಉಣ್ಣಿ ಹತ್ತಿರುತ್ತದೆ.

ಎರಡನೆಯದು ತರಗೆಲೆ. ಈ ವಿಷಯದಲ್ಲಿ ಜಮೀನುದಾರರೊಡನೆ ಸ್ವಲ್ಪ ಬಿಚ್ಚಿ ಮಾತಾಡಬೇಕಾಗಿದೆ. ಗೊಬ್ಬರ ಬೇಕಾದದ್ದು ತೋಟದ ಒಡೆಯರಿಗೆ. ಕಾಡಿಗೆ ಹೋಗಿ ಎಲೆಯನ್ನು ಬಾಚುವವರು ಕೂಲಿಯ ಹೆಂಗಸರು. ಮಂಗ ಸತ್ತ ಕಾಡಿಗೆ ಆ ವರ್ಷ ಆಳುಗಳನ್ನು ಕಳುಹಿಸತಕ್ಕದ್ದಲ್ಲ. ಕುಮ್ಕಿ ಜಾಗದಲ್ಲಿ ಗೊಬ್ಬರದ ಗಿಡವನ್ನು ಬೆಳೆಸಿಕೊಳ್ಳುವುದೂ, ಅಡಿಕೆಯ ಸೋಗೆ ಮತ್ತು ಬೈಹುಲ್ಲನ್ನು ಹಟ್ಟಿಗೆ ಹಾಸುವುದೂ ಸಾಧ್ಯವಿರುವಾಗ, ಆಳಿನ ಪ್ರಾಣವನ್ನು ಒತ್ತೆಯಿಡುವುದು ಒಳ್ಳೆಯ ಬೇಸಾಯವಲ್ಲ. ಕಳುಹಿಸಲೇಬೇಕಾದರೆ, ಆರೋಗ್ಯ ಇಲಾಖೆಯವರು ಹಂಚುವ ಡೆಪಾ ತೈಲವನ್ನು ಕೈಕಾಲುಗಳಿಗೆ ಹಚ್ಚಿಸಿ, ಮೈತುಂಬ ಬಟ್ಟೆ ತೊಡಿಸಿ ಕಳುಹಿಸಬೇಕು. ಮರಳಿದೊಡನೆ ಬಿಸಿನೀರಿನಲ್ಲಿ ಮೈಯನ್ನೂ ಬಟ್ಟೆಯನ್ನೂ ತೊಳೆಯುವ ಅನುಕೂಲವನ್ನು ಒಡೆಯರೇ ಮಾಡಿಕೊಡಬೇಕು. ದನಗಳ ಮೈಯ ಉಣ್ಣಿಗೆ ಪಶುವೈದ್ಯರಿಂದ ಔಷಧ ಪಡೆದು ಕ್ರಮವಾಗಿ ಹಾಕಿಸಬೇಕು.

ಈ ಸಂಗತಿಗಳನ್ನು ಊರಿಗೆಲ್ಲ ತಿಳಿಸುವವರು ಯಾರು? ಇದಕ್ಕೂ ಬಲೆಯ ಲೆಕ್ಕವೇ ಉತ್ತರ ಕೊಟ್ಟಿದೆ. ಆ ಉತ್ತರವು ಗ್ರಾಮದ ಯಜಮಾನರಿಗೆ ಅಷ್ಟಾಗಿ ರುಚಿಸದಿದ್ದೀತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತು ಸಂಗಡಿಗರು ನಮ್ಮ ಕರ್ನಾಟಕದ 213 ಹಳ್ಳಿಗಳಲ್ಲಿ ಒಂದು ಪ್ರಯೋಗವನ್ನು ನಡೆಸಿ 2019ರಲ್ಲಿ ಪ್ರಕಟಿಸಿದರು. ಟೆಲಿಫೋನಿನಲ್ಲಿ ಒಂದು ಕರೆ ಮಾಡಿದರೆ ಬಹುಮಾನ ದೊರೆಯುವ ಸಂಭವವುಂಟೆಂಬ ಸುದ್ದಿಯನ್ನು ಒಂದೊಂದು ಹಳ್ಳಿಯಲ್ಲಿ ಕೆಲವರಿಗೆ ಮಾತ್ರ ತಿಳಿಸಿದರು. ಕಣ್ಣುಮುಚ್ಚಿ ಆರಿಸಿದವರಿಗೆ ಹೇಳಿದ ಹಳ್ಳಿಗಳಿಂದ ಸರಾಸರಿ ಸುಮಾರು 8 ಕರೆಗಳು ಬಂದವು. ಹಿರಿಯರಿಗೆ ಹೇಳಿದಲ್ಲಿ ಅದಕ್ಕಿಂತ ಹೆಚ್ಚೇನೂ ಬರಲಿಲ್ಲ. ‘ನಿಮ್ಮ ಊರಿನಲ್ಲಿ ಸುದ್ದಿಯನ್ನು ಎಲ್ಲರಿಗೂ ಮುಟ್ಟಿಸುವವರು ಯಾರು’ ಎಂದು ಹಳ್ಳಿಯವರನ್ನೇ ಕೇಳಿ, ಅವರು ಹೆಸರಿಸಿದವರಿಗೆ ಹೇಳಿದಲ್ಲಿ 12ರ ಸಮೀಪ ಬಂದವು. ಹರಿಯಾಣದಲ್ಲಿ ಮಕ್ಕಳ ಲಸಿಕೆಗೂ ಇದೇ ಉಪಾಯವನ್ನು ಹೂಡಿದಾಗ, ಲಸಿಕೆಗೆ ಬಂದ ಮಕ್ಕಳ ಸಂಖ್ಯೆಯು ಶೇಕಡಾ 22ರಷ್ಟು ಹೆಚ್ಚಿತು.

ಯಜಮಾನರ ಮಾತಿಗೆ ಮರ್ಯಾದೆಯಿಲ್ಲವೆಂದು ಇದರ ಅರ್ಥವಲ್ಲ. ಮರ್ಯಾದೆ ಬೇರೆ, ಎಳೆಗಳ ಸಂಖ್ಯೆ ಬೇರೆ. ಹಾಲಿನ ಸೊಸೈಟಿಗೆ ಬರುವ ಒಬ್ಬ ಹೆಂಗಸು, ಬೀಡಿ ಬ್ರಾಂಚಿನಲ್ಲಿ ಎಲೆ ತೂಗುವವನು, ಗೂಡಂಗಡಿಯವನು, ಇವರಲ್ಲಿ ಯಾರು ನಿಮ್ಮ ಊರಿನ ದೊಡ್ಡ ಗಂಟೆಂಬುದನ್ನು ಹತ್ತು ಮನೆಗಳಲ್ಲಿ ಕೇಳಿದರೆ ಗೊತ್ತಾಗುತ್ತದೆ. ನವೆಂಬರು ತಿಂಗಳೊಳಗೆ ಆ ನಾಲ್ಕೈದು ಮಂದಿಯನ್ನು ಚಾವಡಿಗೆ ಕರೆಯಿಸಿ, ಸತ್ತ ಮಂಗನ ಸುದ್ದಿಯನ್ನು ಯಾರಿಗೆ ಮುಟ್ಟಿಸಬೇಕು, ತೈಲವು ಎಲ್ಲಿ ಸಿಕ್ಕುತ್ತದೆ, ಜ್ವರ ಬಂದವರನ್ನು ತಡಮಾಡದೆ ಎಲ್ಲಿಗೆ ಕರೆದೊಯ್ಯಬೇಕು ಎಂಬ ಮೂರು ಸಂಗತಿಗಳನ್ನು ಅವರಿಗೆ ಬಾಯಿಪಾಠವಾಗುವಂತೆ ತಿಳಿಸಿ, ಆರೋಗ್ಯ ಕೇಂದ್ರದ ಟೆಲಿಫೋನ್ ಸಂಖ್ಯೆಯನ್ನು ಬರೆದುಕೊಡತಕ್ಕದ್ದು.