ಹೂಳು ಹೊಲಕ್ಕೆ ತರ್ಲಾ, ಬೇಡ್ವಾ? ನೀರಿನ ಕೆಳಗಿನ ಮಣ್ಣಿನ ಕಥೆ

ಮೇ ತಿಂಗಳ ಒಂದು ಭಾನುವಾರ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕಾಫಿ ಕುಡೀತಾ ಕೂತಿದ್ದೆ. ಕುಷ್ಟಗಿ ತಾಲೂಕಿನ ನಮ್ಮೂರಿಂದ ಅಪ್ಪನ ಫೋನ್ ಬಂತು.

"ಕೆರಿ ಹೂಳ ಎತ್ತಾಕತ್ತಾರಪಾ. ಮಸಾರಿ ಹೊಲಕ್ಕ ಒಂದೈವತ್ತು ಟ್ರಿಪ್ ಹಾಕಿಸ್ಲೇನು? ಮಣ್ಣು ಪುಕ್ಕಟೆ, ಟ್ರ್ಯಾಕ್ಟರ್ ಬಾಡಗಿ ನಮ್ದು. ನೀ ಓದಿದಾವ, ಹೇಳು."

ಓದಿದವನು ನಾನು, ನಿಜ. ಆದರೆ ಓದಿದ್ದು ಕಂಪ್ಯೂಟರ್. ಹಿಂದಿನ ವರ್ಷ ಅದೇ ಹೊಲದಲ್ಲಿ ತೊಗರಿ ಹೂ ಬಿಡೋ ಹೊತ್ತಿಗೆ ಮಳೆ ಕೈಕೊಟ್ಟು, ಬೀಜದ ದುಡ್ಡೂ ವಾಪಸ್ ಬಂದಿರಲಿಲ್ಲ. ಈಗ ಬಾಡಿಗೆಗೆ ಹಾಕೋ ದುಡ್ಡು ಮತ್ತೆ ಮಣ್ಣುಪಾಲಾದರೆ? "ಒಂದು ವಾರ ತಡೀರಿ, ಕೇಳಿ ಹೇಳ್ತೀನಿ" ಅಂದೆ. ಆ ಒಂದು ವಾರದಲ್ಲಿ ಓದಿ, ಕೇಳಿ ತಿಳ್ಕೊಂಡಿದ್ದೇ ಈ ಲೇಖನ. ಊರಲ್ಲಿ ಹೊಲ ಇಟ್ಕೊಂಡು ನಗರದಲ್ಲಿ ಕೆಲಸ ಮಾಡೋ ನಿಮಗೂ ಇಂಥ ಫೋನ್ ಯಾವಾಗಲಾದರೂ ಬರಬಹುದು.

ನೀರಿನ ಕೆಳಗಿರೋದು ಮಣ್ಣಾ, ಬರೀ ಕೆಸರಾ?

ಈ ಪ್ರಶ್ನೆಗೆ ವಿಜ್ಞಾನಿಗಳೇ ಒಮ್ಮತಕ್ಕೆ ಬರೋಕೆ ತುಂಬಾ ಕಾಲ ಹಿಡೀತು. ನೆಲದ ಮೇಲಿದ್ದರೆ ಮಣ್ಣು, ನೀರಿನ ತಳದಲ್ಲಿದ್ದರೆ ಬರೀ ಕೆಸರು ಅನ್ನೋದೇ ಹಳೇ ಲೆಕ್ಕ. 1990ರ ದಶಕದಲ್ಲಿ ಅಮೆರಿಕದ ಮೇರಿಲ್ಯಾಂಡ್ ಕರಾವಳಿಯ ಸಿನೆಪಕ್ಸೆಂಟ್ ಕೊಲ್ಲಿಯಲ್ಲಿ ಜಾರ್ಜ್ ಡೆಮಾಸ್ ಎಂಬ ಮಣ್ಣು ವಿಜ್ಞಾನಿ ತಳದ ಮಣ್ಣನ್ನು ಪದರ ಪದರವಾಗಿ ತೆಗೆದು ನೋಡಿದರು. ಹೊಲದ ಮಣ್ಣಿನ ಹಾಗೆ ಅದಕ್ಕೂ ಪದರಗಳಿದ್ದವು, ಬೇರುಗಳಿದ್ದವು, ಜೀವಿಗಳಿದ್ದವು. 2010ರಲ್ಲಿ ಅಮೆರಿಕದ ಮಣ್ಣು ವರ್ಗೀಕರಣ ಪದ್ಧತಿ ಈ 'ಜಲತಳದ ಮಣ್ಣು'ಗಳಿಗೆ ಅಧಿಕೃತ ಜಾಗ ಕೊಟ್ಟಿತು. ನೀರಿನ ಆಳ ಸುಮಾರು ಎರಡೂವರೆ ಮೀಟರ್‌ವರೆಗಿದ್ದರೆ, ಅಂದರೆ ಗಿಡ ಬೇರು ಬಿಡೋಕೆ ಸಾಧ್ಯ ಇದ್ದರೆ, ಅದು ಮಣ್ಣೇ.

ಗಂಗಾವತಿ ಕಡೆಯವರಿಗೆ ಇದರಲ್ಲಿ ಅಂಥ ಆಶ್ಚರ್ಯ ಏನೂ ಇಲ್ಲ ಬಿಡಿ. ವರ್ಷಕ್ಕೆ ತಿಂಗಳುಗಟ್ಟಲೆ ನೀರು ನಿಲ್ಲಿಸಿಕೊಂಡಿರೋ ಭತ್ತದ ಗದ್ದೆ ಮತ್ತೇನು?

ಗದ್ದೆಯೊಳಗೆ ನಡೆಯೋದು

ಗದ್ದೆಗೆ ನೀರು ಕಟ್ಟಿದ ಒಂದೆರಡು ದಿನದೊಳಗೆ ಮಣ್ಣಿನಲ್ಲಿದ್ದ ಆಮ್ಲಜನಕವನ್ನು ಸೂಕ್ಷ್ಮಜೀವಿಗಳು ಖಾಲಿ ಮಾಡುತ್ತವೆ. ಮೇಲಿನ ಕೆಲವೇ ಮಿ.ಮೀ. ಪದರಕ್ಕೆ ಮಾತ್ರ ನೀರಿನಿಂದ ಒಂದಿಷ್ಟು ಸಿಗುತ್ತೆ. ಅದರ ಕೆಳಗಿನ ಜೀವಿಗಳು ಬದುಕಬೇಕಲ್ಲ? ಅವು ಆಮ್ಲಜನಕದ ಬದಲಿಗೆ ಬೇರೆಯದಕ್ಕೆ ಕೈಹಾಕುತ್ತವೆ. ಮೊದಲು ನೈಟ್ರೇಟ್, ಆಮೇಲೆ ಮ್ಯಾಂಗನೀಸ್, ಆಮೇಲೆ ಕಬ್ಬಿಣ, ಆಮೇಲೆ ಸಲ್ಫೇಟ್. ಎಲ್ಲಾ ಮುಗಿದ ಮೇಲೆ ಮೀಥೇನ್ ಅನಿಲ ಹುಟ್ಟುತ್ತೆ. ಗದ್ದೆಯಲ್ಲಿ ಕಾಲಿಟ್ಟಾಗ ಬುಳುಬುಳು ಅಂತ ಗುಳ್ಳೆ ಏಳುತ್ತಲ್ಲ, ಅದರಲ್ಲಿ ಈ ಮೀಥೇನ್ ಇರುತ್ತೆ.

ಮಣ್ಣಿನ ಬಣ್ಣ ನೋಡಿದರೂ ಇದು ಗೊತ್ತಾಗುತ್ತೆ. ಕೆಂಪು ಮಣ್ಣಿನ ಕೆಂಪು ಅಂದ್ರೆ ತುಕ್ಕು ಹಿಡಿದ ಕಬ್ಬಿಣ. ಆಮ್ಲಜನಕ ಹೋದಾಗ ಆ ಕಬ್ಬಿಣ ಕರಗಿ ಮಣ್ಣು ಬೂದಿ ಬಣ್ಣಕ್ಕೆ ತಿರುಗುತ್ತೆ. ಭತ್ತದ ಬುಡ ಕಿತ್ತು ನೋಡಿ, ಬೂದಿ ಕೆಸರಿನ ನಡುವೆಯೂ ಬೇರಿನ ಸುತ್ತ ಕೆಂಪು ಲೇಪ ಕಾಣುತ್ತೆ. ಭತ್ತದ ಗಿಡಕ್ಕೆ ಎಲೆಯಿಂದ ಬೇರಿಗೆ ಗಾಳಿ ಇಳಿಸೋ ಕೊಳವೆಗಳಿವೆ. ಬೇರಿನಿಂದ ಸೋರಿದ ಆಮ್ಲಜನಕ ಕಬ್ಬಿಣಕ್ಕೆ ಮತ್ತೆ ತುಕ್ಕು ಹಿಡಿಸುತ್ತೆ. ತೊಗರಿಗೆ ಆ ಅನುಕೂಲ ಇಲ್ಲ, ಅದಕ್ಕೇ ಎರಡು ದಿನ ನೀರು ನಿಂತರೂ ಹಳದಿಯಾಗಿಬಿಡುತ್ತೆ.

ಇದರಿಂದ ರೈತನ ಜೇಬಿಗೂ ಪೆಟ್ಟಿದೆ. ನೀರು ನಿಂತ ಮಣ್ಣಲ್ಲಿ ನೈಟ್ರೇಟ್ ರೂಪದ ಸಾರಜನಕ ಅನಿಲವಾಗಿ ಹಾರಿಹೋಗುತ್ತೆ. ಯೂರಿಯಾ ಒಂದೇ ಸಲ ಸುರಿಯದೆ ಕಂತಿನಲ್ಲಿ ಕೊಡಿ ಅಂತ ಕೃಷಿ ಅಧಿಕಾರಿಗಳು ಹೇಳೋದು ಇದಕ್ಕೂ ಸೇರಿಯೇ. ಸತು ಗಿಡಕ್ಕೆ ಸಿಗದ ರೂಪಕ್ಕೆ ಹೋಗುತ್ತೆ, ಅದಕ್ಕೇ ಜಿಂಕ್ ಸಲ್ಫೇಟ್ ಹಾಕೋದು.

ಅಣೆಕಟ್ಟೆಯ ಹೊಟ್ಟೆಯಲ್ಲಿ

ಇನ್ನು ನಮ್ಮ ಭಾಗದ ಅತಿ ದೊಡ್ಡ ಜಲತಳಕ್ಕೆ ಬರೋಣ. ಮುನಿರಾಬಾದಿನ ಬಳಿಯ ತುಂಗಭದ್ರಾ ಜಲಾಶಯದ ಅಡಿಗಲ್ಲು ಬಿದ್ದಿದ್ದು 1945ರಲ್ಲಿ, ನೀರು ನಿಂತಿದ್ದು 1953ರಲ್ಲಿ. ಆಗಿನ ಸಾಮರ್ಥ್ಯ ಸುಮಾರು 132 ಟಿ.ಎಂ.ಸಿ. 2016ರ ಸಮೀಕ್ಷೆ ಪ್ರಕಾರ ಉಳಿದಿದ್ದು 105.79 ಟಿ.ಎಂ.ಸಿ. ಹೆಚ್ಚೂಕಮ್ಮಿ 27 ಟಿ.ಎಂ.ಸಿ. ನೀರಿನ ಜಾಗದಲ್ಲಿ ಈಗ ಹೂಳು ಕೂತಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಚಿಹೋದಾಗ ಇಡೀ ನಾಡು ಬೆಚ್ಚಿಬಿತ್ತು. ಹೂಳಿನಿಂದ ಆಗಿರೋ ನಷ್ಟ ಮಾತ್ರ ಎಪ್ಪತ್ತು ವರ್ಷ ಸದ್ದಿಲ್ಲದೆ ನಡೆದಿದೆ.

"ಎತ್ತಿ ಹಾಕಿದ್ರಾಯ್ತಪ್ಪ" ಅನ್ಸುತ್ತೆ ಅಲ್ವಾ? ನನಗೂ ಅನ್ನಿಸಿತ್ತು. ಕ್ಯಾಲ್ಕುಲೇಟರ್ ತೆಗೆದೆ. 1 ಟಿ.ಎಂ.ಸಿ. ಅಂದ್ರೆ 2.83 ಕೋಟಿ ಘನ ಮೀಟರ್. 27 ಟಿ.ಎಂ.ಸಿ. ಅಂದ್ರೆ 76 ಕೋಟಿ ಘನ ಮೀಟರ್. ಒಂದು ಟಿಪ್ಪರ್‌ಗೆ 10 ಘನ ಮೀಟರ್ ಹಿಡಿದರೆ 7.6 ಕೋಟಿ ಟ್ರಿಪ್. ದಿನಕ್ಕೆ ಸಾವಿರ ಟ್ರಿಪ್ ಹೊಡೆದರೂ ಇನ್ನೂರು ವರ್ಷ ಬೇಕು! ಅಷ್ಟರಲ್ಲಿ ಹೊಸ ಹೂಳು ಬರದೇ ಇರುತ್ತಾ? ಅದೂ ಬರುತ್ತೆ. ಎತ್ತಿದ್ದನ್ನು ಎಲ್ಲಿ ಹಾಕೋದು ಅನ್ನೋದು ಇನ್ನೊಂದು ತಲೆನೋವು. 2017ರ ಬೇಸಿಗೆಯಲ್ಲಿ ರೈತರೇ ಕೈಯಿಂದ ದುಡ್ಡು ಹಾಕಿ ಜಲಾಶಯದ ಹೂಳೆತ್ತೋಕೆ ಇಳಿದಿದ್ದರು. ಅದರಿಂದ ಜಲಾಶಯ ಖಾಲಿಯಾಗಲಿಲ್ಲ, ಆದರೆ ರೈತರ ಸಂಕಟ ಎಲ್ಲರಿಗೂ ಗೊತ್ತಾಯಿತು. ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟೋ ಪ್ರಸ್ತಾಪ ಹುಟ್ಟಿದ್ದೂ ಈ ನಷ್ಟ ತುಂಬಿಕೊಳ್ಳೋಕೇ.

ಹೂಳು ಎಲ್ಲಾ ಕಡೆ ಒಂದೇ ಥರ ಇರಲ್ಲ ಅನ್ನೋದು ಗೊತ್ತಿರಲಿ. ಹರಿಯೋ ನೀರು ಜಲಾಶಯದ ಬಾಯಿಗೆ ಬಂದು ನಿಧಾನ ಆದ ಕೂಡಲೇ ಮರಳು ಅಲ್ಲೇ ಕೂರುತ್ತೆ. ಸಣ್ಣ ಮರಳಿನ ಕಣ ನಿಂತ ನೀರಲ್ಲಿ 1 ಮೀಟರ್ ಇಳಿಯೋಕೆ ಒಂದು ನಿಮಿಷವೂ ಬೇಡ. ನುಣುಪಾದ ಜೇಡಿ ಕಣಕ್ಕೆ ಅದೇ 1 ಮೀಟರ್‌ಗೆ ಸುಮಾರು 3 ದಿನ ಬೇಕು. ಹಾಗಾಗಿ ಅದು ತೇಲ್ತಾ ತೇಲ್ತಾ ಕಟ್ಟೆಯ ಹತ್ತಿರಕ್ಕೆ ಬಂದು ಕೂರುತ್ತೆ. ನಮ್ಮೂರ ಕೆರೆಯಲ್ಲೂ ಇದೇ ನಿಯಮ. ಹಳ್ಳ ಬಂದು ಸೇರೋ ಕಡೆ ಉಸುಕು, ಏರಿಯ ಬುಡದಲ್ಲಿ ಜೇಡಿ. ಅಪ್ಪನ ಟ್ರ್ಯಾಕ್ಟರ್ ಕೆರೆಯ ಯಾವ ಮೂಲೆಯಿಂದ ತುಂಬ್ಕೊಂಡು ಬರುತ್ತೆ ಅನ್ನೋದರ ಮೇಲೆ ಹೊಲದ ಹಣೆಬರಹ ನಿಂತಿದೆ.

ಅಘನಾಶಿನಿಯ ಕೆಸರು ಬೇರೆ, ನಮ್ಮ ಕೆರೆಯ ಕೆಸರು ಬೇರೆ

ನನಗೆ ಹೆದರಿಕೆ ಹುಟ್ಟಿಸಿದ್ದು ಇನ್ನೊಂದು ವಿಷಯ. ಓದ್ತಾ ಓದ್ತಾ 'ನೀರಿನಡಿಯ ಕಪ್ಪು ಮಣ್ಣು ಹೊರಗೆ ಹಾಕಿದರೆ ಆಮ್ಲ ಆಗುತ್ತೆ' ಅಂತ ಕಣ್ಣಿಗೆ ಬಿತ್ತು. ನಿಜವೇ, ಆದರೆ ಅದು ಮುಖ್ಯವಾಗಿ ಉಪ್ಪುನೀರಿನ ಮಾತು.

ಉತ್ತರ ಕನ್ನಡದ ಅಘನಾಶಿನಿ ಕುಮಟಾ–ಗೋಕರ್ಣದ ನಡುವೆ ಸಮುದ್ರ ಸೇರುತ್ತೆ. ಅಲ್ಲಿನ ಅಳಿವೆಯಲ್ಲಿ ದಿನವೂ ಉಬ್ಬರ, ಇಳಿತ. ಅದರ ಅಂಚಿನ ಗಜನಿ ಭೂಮಿಯಲ್ಲಿ ಉಪ್ಪುನೀರು ತಡೆದುಕೊಳ್ಳೋ ಕಗ್ಗ ಭತ್ತ ಬೆಳೆಯುತ್ತಾರೆ. ಸಮುದ್ರದ ನೀರಲ್ಲಿ ಲೀಟರಿಗೆ ಎರಡೂವರೆ ಗ್ರಾಂಗಿಂತ ಹೆಚ್ಚು ಸಲ್ಫೇಟ್ ಇರುತ್ತೆ. ಆಮ್ಲಜನಕ ಇಲ್ಲದ ತಳದಲ್ಲಿ ಜೀವಿಗಳು ಅದನ್ನು ಸಲ್ಫೈಡ್ ಮಾಡುತ್ತವೆ. ಕೊಳೆತ ಮೊಟ್ಟೆ ವಾಸನೆ ಅದರದ್ದೇ. ಅದು ಕಬ್ಬಿಣದ ಜೊತೆ ಸೇರಿ ಮಣ್ಣಲ್ಲಿ ಕಪ್ಪಗೆ ಕೂರುತ್ತೆ. ನೀರಿನಡಿ ಇರೋವರೆಗೂ ತೊಂದರೆ ಇಲ್ಲ. ಎತ್ತಿ ಗಾಳಿಗೆ ಒಡ್ಡಿದರೆ ಸಲ್ಫೈಡ್ ಗಂಧಕಾಮ್ಲವಾಗಿ ಮಣ್ಣಿನ ಪಿ.ಎಚ್. 4ಕ್ಕಿಂತ ಕೆಳಗೂ ಇಳಿಯಬಹುದು. ಹುಣಸೆಹಣ್ಣಿಗಿಂತ ಸ್ವಲ್ಪ ಕಮ್ಮಿ ಹುಳಿ ಅಂದ್ಕೊಳ್ಳಿ! ಕೇರಳದ ಕುಟ್ಟನಾಡಿನ ಕರಿ ನೆಲಗಳ ರೈತರು ಈ ಹುಳಿ ಮಣ್ಣಿನ ಜೊತೆ ಏಗುತ್ತಲೇ ಭತ್ತ ಬೆಳೆಯುತ್ತಾರೆ.

ನಮ್ಮ ಸಿಹಿನೀರಿನ ಕೆರೆಗಳಲ್ಲಿ ಸಲ್ಫೇಟ್ ಸಾಮಾನ್ಯವಾಗಿ ಇದರ ಸಣ್ಣ ಪಾಲು. ಜೊತೆಗೆ ನಮ್ಮ ಎರೆ ಮಣ್ಣಿನಲ್ಲಿ ಸುಣ್ಣದ ಅಂಶ ಇರೋದರಿಂದ ಹುಟ್ಟಿದ ಅಷ್ಟಿಷ್ಟು ಆಮ್ಲವೂ ತಣ್ಣಗಾಗುತ್ತೆ. ಹಾಗಾಗಿ ಕೊಪ್ಪಳ ಸೀಮೆಯಲ್ಲಿ ಹೂಳಿನ ಹೆದರಿಕೆ ಹುಳಿಯದ್ದಲ್ಲ, ಉಪ್ಪಿನದ್ದು.

ಸವಳಿನ ಪಾಠ

ತುಂಗಭದ್ರಾ ಎಡದಂಡೆ ಕಾಲುವೆ ಯೋಜನೆ ರೂಪಿಸಿದಾಗ ಲೆಕ್ಕ ಹಾಕಿದ್ದು ಹೆಚ್ಚಾಗಿ ಜೋಳ, ಹತ್ತಿಯಂಥ ಕಮ್ಮಿ ನೀರಿನ ಬೆಳೆಗೆ. ನೀರು ಬಂದ ಮೇಲೆ ಮೇಲ್ಭಾಗದಲ್ಲಿ ಭತ್ತವೇ ಭತ್ತ ಆಯ್ತು. ಬಸಿಯೋಕೆ ದಾರಿ ಇಲ್ಲದ ಕಡೆ ನೆಲದೊಳಗಿನ ನೀರು ಮೇಲೇರಿ, ಅದರ ಜೊತೆ ಉಪ್ಪೂ ಮೇಲೆ ಬಂತು. ಗಂಗಾವತಿ, ಸಿಂಧನೂರು ಕಡೆ ಎಷ್ಟೋ ಹೊಲಗಳು ಜವುಳು, ಸವಳಾಗಿದ್ದು ಹೀಗೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಗಂಗಾವತಿ ಸಂಶೋಧನಾ ಕೇಂದ್ರ ಸವಳು ಮಣ್ಣಿನ ಮೇಲೆ, ನೆಲದಡಿ ಪೈಪ್ ಹಾಕಿ ನೀರು ಬಸಿಯೋದರ ಮೇಲೆ ಬಹಳ ವರ್ಷಗಳಿಂದ ಕೆಲಸ ಮಾಡುತ್ತಾ ಬಂದಿದೆ. ಅಂಥ ಸವಳು ಹೊಲಗಳ ನೀರು ಬಂದು ಸೇರೋ ಕೆರೆಯ ಹೂಳಾದರೆ ಎರಡು ಸಲ ಯೋಚಿಸಿ.

ಹಾಗಾದ್ರೆ ಏನು ಮಾಡ್ಬೇಕು?

ಅಪ್ಪನಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ.

* ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಹೂಳು, ಉಳಿದಿದ್ದು ನೀರು ಹಾಕಿ, ಚೆನ್ನಾಗಿ ಕುಲುಕಿ ಇಡಿ. ಒಂದು ನಿಮಿಷದಲ್ಲಿ ಕೂತಿದ್ದು ಉಸುಕು. ದಿನಗಟ್ಟಲೆ ಕದಡಿಕೊಂಡೇ ಇರೋದು ಜೇಡಿ. ಮಸಾರಿ ಹೊಲಕ್ಕೆ ಬೇಕಿರೋದು ಜೇಡಿ.
* ಹೂಳು ಮಸಾರಿಗೆ ಒಳ್ಳೇದು, ತೇವ ಹಿಡಿಯೋ ಶಕ್ತಿ ಹೆಚ್ಚುತ್ತೆ. ಯಲಬುರ್ಗಾ ಕಡೆಯ ಅಪ್ಪಟ ಎರೆ ಹೊಲಕ್ಕೆ ಮತ್ತೆ ಜೇಡಿ ಹಾಕಿ ಅಂಥ ಲಾಭ ಇಲ್ಲ.
* ಮಣ್ಣು ಪರೀಕ್ಷೆಗೆ ಹೂಳಿನ ಮಾದರಿಯನ್ನೂ ಕೊಡಿ. ಪಿ.ಎಚ್. ಮತ್ತು ಇ.ಸಿ., ಅಂದರೆ ಹುಳಿ-ಕ್ಷಾರದ ಅಳತೆ ಮತ್ತು ಉಪ್ಪಿನ ಅಳತೆ, ಇವೆರಡನ್ನು ತಪ್ಪದೆ ಕೇಳಿ.
* ಊರಿನ ಚರಂಡಿ, ಕಾರ್ಖಾನೆ ನೀರು ಸೇರೋ ಕೆರೆಯಾದರೆ ಪರೀಕ್ಷೆ ಆಗದೆ ಮುಟ್ಟಬೇಡಿ.
* ಎಕರೆಗೆ 1 ಸೆಂ.ಮೀ. ದಪ್ಪ ಹರಡೋಕೆ 40 ಘನ ಮೀಟರ್ ಬೇಕು. ಟ್ರಾಲಿಗೆ 3 ಘನ ಮೀಟರ್ ಹಿಡಿದರೆ 13–14 ಟ್ರಿಪ್.

ಈ ಕೊನೇ ಲೆಕ್ಕ ಹೇಳಿದಾಗ ಅಪ್ಪ ಸುಮ್ಮನಾದರು. ನಾಲ್ಕು ಎಕರೆಗೆ ಐವತ್ತು ಟ್ರಿಪ್ ಅಂದ್ರೆ ಒಂದು ಸೆಂ.ಮೀ.ಗೂ ಕಮ್ಮಿ. ಎಲ್ಲಾ ಕಡೆ ತೆಳ್ಳಗೆ ಹರಡಿದರೆ ಗಾಳಿಗೆ, ಮಳೆಗೆ ಎಷ್ಟು ಉಳಿಯುತ್ತೋ. "ಹಂಗಾದ್ರ ಮ್ಯಾಲಿನ ಎರಡು ಎಕರೆಕ್ಕಷ್ಟ ಹಾಕ್ತೀನಿ. ಮುಂದಿನ ವರ್ಷ ಉಳಿದದ್ದಕ್ಕ" ಅಂದರು.

ಬಾಟಲಿಯ ಫೋಟೋ ವಾಟ್ಸ್ಆ್ಯಪ್‌ನಲ್ಲಿ ಬಂತು. ಮೂರನೇ ದಿನವೂ ನೀರು ಕದಡಿತ್ತು. ಪರೀಕ್ಷೆಯಲ್ಲಿ ಉಪ್ಪಿನ ತೊಂದರೆ ಕಾಣಲಿಲ್ಲ. ಆದರೂ ಅಪ್ಪ ಹೂಳನ್ನು ನೇರ ಹರಡಲಿಲ್ಲ. ಬದುವಿನ ಪಕ್ಕ ಗುಡ್ಡೆ ಹಾಕಿಸಿ ಮೂರು ವಾರ ಬಿಸಿಲಿಗೆ ಬಿಟ್ಟರು. ಯಾಕೆ ಅಂತ ಕೇಳಿದೆ.

"ಹಸಿ ಹೂಳ ಹಾಕಿದ್ರ ಹೆಂಟಿ ಆಗ್ತದ. ಒಣಗಿ ಪುಡಿ ಆಗ್ಬೇಕು. ನಮ್ಮಪ್ಪ ಹಂಗ ಮಾಡ್ತಿದ್ದ."

ನಾನು ಒಂದು ವಾರ ಓದಿದ್ದರಲ್ಲಿ ಈ ಮಾತು ಎಲ್ಲೂ ಸಿಕ್ಕಿರಲಿಲ್ಲ. ನೀರಿನಡಿ ವರ್ಷಗಟ್ಟಲೆ ಇದ್ದ ಮಣ್ಣಿಗೆ ಗಾಳಿ ಆಡಬೇಕು, ಬಿರುಕು ಬಿಡಬೇಕು, ಆಮೇಲಷ್ಟೇ ಅದು ಹೊಲದ ಮಣ್ಣಾಗೋದು.

2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತು ಹಿರೇಹಳ್ಳ ಸ್ವಚ್ಛ ಮಾಡಿಸಿದ್ದು ನಿಮಗೆ ನೆನಪಿರಬಹುದು. ತುಂಗಭದ್ರೆಯ ಹೂಳು ನಮ್ಮ ನಿಮ್ಮ ಕೈಮೀರಿದ್ದು. ಊರ ಹಳ್ಳ, ಊರ ಕೆರೆ ಹಾಗಲ್ಲ. ಮತ್ತೆ, ಕೆರೆಯಲ್ಲಿ ಕೂತಿರೋ ಹೂಳು ಒಂದು ಕಾಲಕ್ಕೆ ಯಾರದೋ ಹೊಲದ ಮೇಲ್ಮಣ್ಣೇ. ಬದು ಗಟ್ಟಿ ಇದ್ದಿದ್ದರೆ ಅದು ಅಲ್ಲೇ ಇರ್ತಿತ್ತು. ಅಪ್ಪ ಈ ಸಲ ಹೂಳಿನ ಜೊತೆಗೆ ಬದುವನ್ನೂ ಸರಿ ಮಾಡಿಸಿದ್ದಾರೆ. ಜೂನ್ ಮಳೆಗೆ ಕಾಯ್ತಾ ಇದ್ದೀವಿ.

ನಿಮ್ಮೂರ ಕೆರೆಯ ಹೂಳು ಯಾವ ಬಣ್ಣದ್ದು, ಯಾರ ಹೊಲಕ್ಕೆ ಹೋಯ್ತು, ಬೆಳೆ ಹೇಗೆ ಬಂತು? ಮನೆಯ ಹಿರಿಯರನ್ನು ಕೇಳಿ, ನಮಗೂ ಬರೆದು ತಿಳಿಸಿ.